ಗೆರೆ ಬಿದ್ದ ಪಡ್ಡು

ಹನಮಂತ ಊಟದ ತಟ್ಟೆಯ ಮುಂದೆಯೇ ಸತ್ತಿದ್ದ.

ಬೆಟಗೇರಿಯ ಸುಮಿತ್ರವ್ವನ ಖಾನಾವಳಿ. ಮಂಗಳವಾರ ಮಧ್ಯಾಹ್ನ ಒಂದೂವರೆ. ಎರಡನೇ ರೊಟ್ಟಿ ಮುರಿದವನು ಹೊಟ್ಟೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದನಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ಐವತ್ತು ವಯಸ್ಸಿನ ನೇಕಾರ. ಒಂಟಿ ಮನುಷ್ಯ. ಎರಡೂ ಹೊತ್ತು ಅಲ್ಲಿಯೇ ಊಟ.

ನಾನು ಮುತ್ತಣ್ಣ, ಠಾಣೆಯ ಎಎಸ್‌ಐ. ಪಿಎಸ್‌ಐ ಸಾಹೇಬರು ಬಂದೋಬಸ್ತಿಗೆಂದು ಬೇರೆ ಜಿಲ್ಲೆಗೆ ಹೋಗಿದ್ದರು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಒಂದು ಸಾವಿನ ಕೇಸು ಪೂರ್ತಿ ನನ್ನ ಕೈಗೆ ಬಂದಿತ್ತು. ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು. ಈ ಕಥೆಯನ್ನು ನಾನು ತಲೆ ಎತ್ತಿಕೊಂಡು ಹೇಳುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ಬ್ಯಾರೆ ಯಾರಿಗರೆ ತ್ರಾಸ ಆಗೇತೇನು?" ಎಂದು ಸುಮಿತ್ರವ್ವನನ್ನು ಕೇಳಿದೆ.

"ಐದು ಮಂದಿ ವಾರದಿಂದ ಹೊಟ್ಟಿ ನೋವು ಅಂತಿದ್ರರಿ. ಬಿಸಲಿಗೆ ಇರಬೇಕು ಅಂದ್ಕೊಂಡಿದ್ದೆ."

"ಅಡಗಿ ಮನಿಗೆ ಹೊರಗಿನವರು ಯಾರು ಬಂದಿದ್ರು?"

"ಯಾರೂ ಇಲ್ರಿ. ಹನ್ನೆರಡು ದಿನದ ಹಿಂದ ಕಲಾಯಿ ಮಾಡಾಕ ರಹಮಾನಸಾಬ ಬಂದಿದ್ದ. ಜಗಳಾಡಿಕೊಂಡು ಹೋದ."

"ಯಾಕ?"

"ಕಲಾಯಿ ಮಾಡಿ ಮಾಡಿ ಸಾಕಾಗೇತಿ, ಮುಂದಿನ ಸಲ ಸ್ಟೀಲಿನ ಪಾತೇಲಿ ತರ್ತೇನಿ ಅಂದೆ. ಅದಕ್ಕ ಸಿಟ್ಟು. 'ಹಂಗರ ನಿನ್ನ ಖಾನಾವಳಿಗೆ ಬಂದವರು ತಿರುಗಿ ಬರಾಂಗಿಲ್ಲ ನೋಡು' ಅಂದ."

ಆ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಕೆಳಗೆ ಎರಡು ಗೆರೆ ಎಳೆದೆ. ಸ್ಟೀಲಿನ ಪಾತ್ರೆಯ ಸಾರು ರುಚಿಯಾಗುವುದಿಲ್ಲ ಎಂದು ಮುನಿಸಿಕೊಂಡ ಮುದುಕನ ಮಾತು ನನ್ನ ಡೈರಿಯಲ್ಲಿ ಬೆದರಿಕೆಯಾಯಿತು.

ಡಾಕ್ಟರು ವಿಷದ ಲಕ್ಷಣ ಎಂದರು. ಯಾವ ವಿಷ ಎನ್ನುವುದನ್ನು ಲ್ಯಾಬ್ ಹೇಳಬೇಕು, ಹದಿನೈದು ದಿನ ಬೇಕು. ಠಾಣೆಯ ಹೊರಗೆ ಆಗಲೇ ಮೂವರು ವರದಿಗಾರರು ನಿಂತಿದ್ದರು. ಹದಿನೈದು ದಿನ ಕಾಯುವ ತಾಳ್ಮೆ ನನಗೆಲ್ಲಿ?

ಸರಾಫ ವೀರುವಿನ ಅಂಗಡಿಯಲ್ಲಿ ಬಂಗಾರದ ಶುದ್ಧತೆ ನೋಡುವ ಎಕ್ಸ್‌ರೇ ಯಂತ್ರವಿದೆ. ಖಾನಾವಳಿಯ ಪಾತೇಲಿಯ ತಳದಲ್ಲಿ ಒಣಗಿದ್ದ ಹುಳಿಸಾರನ್ನು ಕೆರೆದು ಕಾಗದದಲ್ಲಿ ಕಟ್ಟಿಕೊಂಡು ಅಲ್ಲಿಗೇ ಹೋದೆ.

"ಸಾಹೇಬ್ರ, ಇದು ಬಂಗಾರ ನೋಡೂ ಮಷಿನ್ರಿ. ಸಾರು ನೋಡಾಕಲ್ಲ."

"ಸುಮ್ಮನ ಇಡಪಾ."

ಪರದೆಯ ಮೇಲೆ ಗುಡ್ಡಗಳು ಎದ್ದವು. ತಾಮ್ರ, ಸತು, ತವರ. ಹಿತ್ತಾಳೆ ಪಾತೇಲಿ, ಅದರ ಒಳಗೆ ತವರದ ಕಲಾಯಿ, ಅದು ಸರಿಯೇ. ಆಮೇಲೆ ಹತ್ತೂವರೆ ಎಂಬ ಅಂಕಿಯ ಹತ್ತಿರ ಇನ್ನೊಂದು ಗುಡ್ಡ. ವೀರು ಗೋಡೆಯ ಮೇಲಿನ ಲೋಹಗಳ ತಖ್ತೆ ನೋಡಿದ.

"ಆರ್ಸೆನಿಕ್ ಇದ್ದಂಗ ಕಾಣತೈತ್ರಿ. ಆದ್ರ..."

"ಆದ್ರ ಗೀದ್ರ ಬ್ಯಾಡ."

ಆರ್ಸೆನಿಕ್ ಅಂದರೆ ಪಾಷಾಣ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಅವನ 'ಆದ್ರ' ಮುಗಿಯುವ ಮೊದಲೇ ಅಂಗಡಿಯ ಮೆಟ್ಟಿಲು ಇಳಿದಿದ್ದೆ.

*

ಬುಧವಾರ ಬೆಳಿಗ್ಗೆ ನಾನು ಭಾರಿ ಖುಷಿಯಲ್ಲಿದ್ದೆ. ನಮ್ಮದು ಕೂಡು ಕುಟುಂಬ. ಅಣ್ಣ ದೇವೇಂದ್ರಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ.

"ವೈನಿ, ಇವತ್ತ ಪಡ್ಡು ಮಾಡ್ರಿ," ಎಂದು ಅತ್ತಿಗೆಗೆ ಹೇಳಿದೆ.

"ಹಂಚ ಕಾಣವಲ್ದು ಮುತ್ತಣ್ಣ. ತಿಂಗಳಾತು ಹುಡುಕಾಕತ್ತು."

"ಪೊಲೀಸನ ಮನ್ಯಾಗ ಕಳ್ಳತನ ಅಂದ್ರ!"

ವೈನಿ ನಕ್ಕರು. ಅಣ್ಣ ಪೇಪರಿನ ಪುಟ ತಿರುವಿ, "ಯಾರರೆ ಒಯ್ದಿರಬೇಕು ಬಿಡು," ಎಂದ.

ಅವಲಕ್ಕಿ ತಿಂದು, ಕಾನ್‌ಸ್ಟೇಬಲ್ ಸುಭಾಸನನ್ನು ಕರೆದುಕೊಂಡು ರಹಮಾನಸಾಬರ ಮನೆಗೆ ಹೋದೆ. ಬಾಗಿಲಲ್ಲಿ ಅವರ ಮಗಳು ಯಾಸ್ಮೀನ ಅಕ್ಕಿ ಆರಿಸುತ್ತಿದ್ದಳು. ಅವರು ಒಳಗೆ ತಿದಿಯ ಚರ್ಮಕ್ಕೆ ಎಣ್ಣೆ ಹಚ್ಚುತ್ತ ಕೂತಿದ್ದರು. ಅರವತ್ತೆಂಟು ವಯಸ್ಸು. ಎರಡೂ ಕಣ್ಣಿಗೆ ಪೊರೆ.

ಗೋಡೆಯ ಮಾಡದಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ಬಿಳಿ ಪುಡಿ.

"ಇದೇನು?"

"ನವಸಾಗರರಿ. ಅದಿಲ್ಲದ ಕಲಾಯಿ ಹಿಡ್ಯಾಂಗಿಲ್ಲ."

"ಪಾಷಾಣಕ್ಕ ನವಸಾಗರ ಅಂತೀಯೇನು? ಚೀಲದಾಗೇನೈತಿ?"

"ತವರರಿ."

ಸುಭಾಸ ಚೀಲ ಸುರಿದ. ಅಂಗೈಯಲ್ಲಿ ಕೂರುವಂಥ ಏಳೆಂಟು ಅರೆಗುಂಡುಗಳು ಉರುಳಿದವು. ನಾನು ಅವುಗಳನ್ನು ಸರಿಯಾಗಿ ನೋಡಲೂ ಇಲ್ಲ. ಚೀಲಕ್ಕೆ ತುಂಬಿಸಿ ಜಪ್ತಿ ಮಾಡಿದೆ.

ಮುದುಕರು ನನ್ನ ದನಿ ಗುರುತು ಹಿಡಿದರು. "ಮುತ್ತಣ್ಣ ಅಲ್ಲನು? ನಾ ರಹಮಾನಕಾಕಾಪಾ. ಪ್ರೆಸ್ ಮಾಸ್ತರ ಮನಿಗೆ..."

ಹೌದು. ನಮ್ಮ ಅಪ್ಪ ಪ್ರೆಸ್ ಮಾಸ್ತರ. ಗದಗಿನಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಮುದ್ರಣಾಲಯ ನಮ್ಮದು. ವರ್ಷಕ್ಕೆ ಎರಡು ಸಲ ಈ ಕಾಕಾ ನಮ್ಮ ಅಂಗಳದಲ್ಲಿ ಕುಳಿ ತೋಡಿ, ತಿದಿ ಹೂಡಿ, ಅವ್ವನ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದರು. ನಾನು ತಿದಿ ಒತ್ತಲು ಹಟ ಮಾಡುತ್ತಿದ್ದೆ. ಕೈ ಹಿಡಿದು ಒತ್ತಿಸುತ್ತಿದ್ದವರು ಅವರೇ.

ಆದರೆ ಬಾಗಿಲಲ್ಲಿ ಒಬ್ಬ ವರದಿಗಾರ ಫೋನು ಹಿಡಿದು ನಿಂತಿದ್ದ.

"ಸಾಹೇಬ್ರ ಅನ್ನಲೇ," ಎಂದೆ. "ನಡಿ."

ಜೀಪು ಸಾಹೇಬರ ಜೊತೆ ಹೋಗಿತ್ತು. ತೋಳು ಹಿಡಿದು ಸಂತೆ ಪೇಟೆಯ ಮಧ್ಯೆ ನಡೆಸಿಕೊಂಡು ಹೋದೆ. ಎರಡೂ ಬದಿಯ ಅಂಗಡಿಗಳಿಂದ ಫೋನುಗಳು ಮೇಲೆದ್ದವು. ಅವರು ಬರಿಗಾಲಲ್ಲಿದ್ದರು. ಯಾಸ್ಮೀನ ಅವರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಠಾಣೆಯವರೆಗೂ ಹಿಂದೆ ಓಡಿ ಬಂದಳು. ಹಾಕಿಕೊಳ್ಳಲು ನಾನು ನಿಲ್ಲಿಸಲಿಲ್ಲ.

*

ಮಧ್ಯಾಹ್ನ ಎರಡಕ್ಕೆ ಹೆಲ್ಮೆಟ್ ಕೈಯಲ್ಲಿ ಹಿಡಿದ ಹೆಂಗಸೊಬ್ಬರು ಠಾಣೆಗೆ ಬಂದರು. ನಲವತ್ತರ ಆಸುಪಾಸು.

"ನಾನು ವಾಣಿಶ್ರೀ. ಡಂಬಳದಾಕಿ. ಇಲ್ಲೇ ಕಾಲೇಜಿನಾಗ ಭೌತಶಾಸ್ತ್ರ. ವಾಟ್ಸಾಪಿನಾಗ ನಿಮ್ಮ ಫೋಟೋ ನೋಡಿದೆ. ಬಂಗಾರದ ಮಷಿನ್ನಾಗ ಪಾಷಾಣ ಕಂಡ್ರಂತ?"

"ಕಂಡೇತ್ರಿ."

"ಎಷ್ಟರ ಹತ್ರ? ಹತ್ತೂವರೆ?"

ನಾನು ತಲೆಯಾಡಿಸಿದೆ.

"ಅಲ್ಲೇ ಸೀಸಾನೂ ಕುಂಡ್ರತೈತ್ರಿ."

ಅವರು ನನ್ನ ಡೈರಿ ಎಳೆದುಕೊಂಡು ಎರಡು ಅಂಕಿ ಬರೆದರು. ಪ್ರತಿ ಲೋಹಕ್ಕೆ ಎಕ್ಸ್‌ರೇ ಬಡಿದಾಗ ಅದು ತನ್ನದೇ ಶಕ್ತಿಯ ಎಕ್ಸ್‌ರೇ ಮರಳಿ ಬಿಡುತ್ತದೆ. ಹತ್ತೂವರೆ ಅಂದರೆ ಹತ್ತೂವರೆ ಸಾವಿರ ಎಲೆಕ್ಟ್ರಾನ್ ವೋಲ್ಟ್. ಪಾಷಾಣದ್ದು ಹತ್ತು ಸಾವಿರದ ಐನೂರಾ ನಲವತ್ಮೂರು. ಸೀಸದ್ದು ಹತ್ತು ಸಾವಿರದ ಐನೂರಾ ಐವತ್ತೊಂದು. ನಡುವೆ ಬರೀ ಎಂಟು. ಸರಾಫನ ಯಂತ್ರಕ್ಕೆ ನೂರೈವತ್ತರ ಅಂತರವಿದ್ದರೆ ಮಾತ್ರ ಎರಡನ್ನು ಬೇರೆ ಮಾಡಿ ಹೇಳಲು ಬರುತ್ತದೆ.

"ಹತ್ತಿ ಅಂಡಿಗಿ ತೂಗೂ ತಕ್ಕಡ್ಯಾಗ ಗುಲಗಂಜಿ ತೂಗಿದಂಗ ಆತು ನಿಮ್ಮದು. ವೀರು ಏನೂ ಹೇಳಲಿಲ್ಲೇನು?"

ವೀರುವಿನ 'ಆದ್ರ' ನೆನಪಾಯಿತು.

"ನಾಳೆ ಮಧ್ಯಾಹ್ನ ಆತನ್ನ ಕೋರ್ಟಿಗೆ ಹಾಜರ ಮಾಡಬೇಕ್ರಿ," ಎಂದೆ.

"ಹಂಗರ ಜಲ್ದಿ ನಡೀರಿ. ಸಾರು, ಬಿಳಿ ಪುಡಿ, ಆತನ ತವರ, ಎಲ್ಲ ತರ್ರಿ."

*

ಕಾಲೇಜಿನ ಹಿಂದಿನ ಕೋಣೆ. ಗೋದ್ರೇಜ್ ಕಪಾಟಿನಷ್ಟು ಎತ್ತರದ ಉಕ್ಕಿನ ಪೀಪಾಯಿ ಚಕ್ ಚಕ್ ಎಂದು ಉಸಿರಾಡುತ್ತಿತ್ತು. ಮುಂಡರಗಿ, ಶಿರಹಟ್ಟಿ ಕಡೆಯ ಕೊಳವೆಬಾವಿ ನೀರಿನಲ್ಲಿ ಯಾವ ಯಾವ ಲೋಹವಿದೆ ಎಂದು ಪರೀಕ್ಷಿಸಲು ಆ ಯಂತ್ರವನ್ನು ತರಿಸಿದ್ದರಂತೆ.

"ಒಳಗ ಎಳ್ಳಿನಕಿಂತ ಸಣ್ಣದೊಂದು ತೆಳು ಪದರ ಐತಿ. ಅತಿವಾಹಕ. ಇದಕ್ಕಿಂತ ತಂಪು ಜಗತ್ತಿನಾಗ ಇಲ್ಲ ಅನ್ನೂ ಮಟ್ಟ ಐತಲ್ಲ, ಅದರ ಹತ್ರ ಹತ್ರ ತಂಪು ಮಾಡಿಟ್ಟೇವಿ. ಅಷ್ಟು ತಂಪಿನಾಗ ಕರೆಂಟು ಒಂಚೂರೂ ಅಡ್ಡಿ ಇಲ್ಲದ ಹರೀತೈತಿ. ತುಸು ಬೆಚ್ಚಗಾದ್ರ ಸಾಕು, ಅಡ್ಡಿ ಶುರು. ನಾವು ಅದನ್ನ ಕರೆಕ್ಟ್ ಆ ಅಂಚಿನ ಮ್ಯಾಗ ನಿಲ್ಲಿಸಿರತೇವಿ."

"ಅಂಚಿನ ಮ್ಯಾಗ ಯಾಕ್ರಿ?"

"ಅಲ್ಲಿದ್ರ ಒಂದ ಒಂದು ಎಕ್ಸ್‌ರೇ ಕಣ ಬಿದ್ರೂ ಅದಕ್ಕ ಗೊತ್ತಾಗತೈತಿ. ಎಷ್ಟು ಬೆಚ್ಚಗಾತು ಅನ್ನೂದರ ಮ್ಯಾಗ ಬಂದ ಕಣದ ಶಕ್ತಿ ಎಷ್ಟು ಅಂತ ಹೇಳತೈತಿ. ಎಂಟರ ಫರಕು ಇದಕ್ಕ ಸಲೀಸು. ಆದ್ರ ಒಂದೊಂದ ಎಣಿಸಬೇಕು, ಹೊತ್ತು ಹಿಡೀತೈತಿ. ಮುಂಜಾನೆ ಬರ್ರಿ."

ಒಂದು ಕಣ ಬಿದ್ದರೂ ಬೆಚ್ಚಗಾಗುವ ಪದರ ಅದು. 'ನಾ ರಹಮಾನಕಾಕಾ' ಎಂಬ ಮಾತು ಬಿದ್ದರೂ ನನಗೆ ಏನೂ ಆಗಿರಲಿಲ್ಲ. ನನ್ನದು ಎಮ್ಮೆ ಚರ್ಮ.

*

ಗುರುವಾರ ಒಂಬತ್ತಕ್ಕೆ ಹೋದಾಗ ವಾಣಿಶ್ರೀಯವರ ಮುಖದಲ್ಲಿ ನಗು ಇರಲಿಲ್ಲ.

"ಬಿಳಿ ಪುಡಿ ನವಸಾಗರನ. ವಿಷ ಗಿಷ ಅಲ್ಲ. ಸಾರಿನಾಗ ಪಾಷಾಣ ಇಲ್ಲ. ಒಂದು ಕಣಾನೂ ಇಲ್ಲ. ಇರೂದು ಸೀಸ. ಕಲಾಯಿ ತವರದಾಗ ಸೀಸ ಬೆರತೈತಿ. ಹುಣಸಿಹುಳಿ ಬಿದ್ದಕೂಡ್ಲೇ ಅದು ಸಾರಿಗೆ ಬಿಡತೈತಿ."

ಪರದೆಯ ಮೇಲೆ ಸೂಜಿಯಂಥ ಒಂದೇ ಗೆರೆ. ಐವತ್ತೊಂದರ ಮೇಲೆ. ನಲವತ್ಮೂರರ ಜಾಗ ಖಾಲಿ.

"ಚೀಲದ ಗುಂಡುಗಳು?"

"ಅವು ತವರ ಅಲ್ಲವ ಅಲ್ಲ. ಮುಕ್ಕಾಲಿಗಿಂತ ಜಾಸ್ತಿ ಸೀಸ. ತವರ ತುಸು. ಮತ್ತ ಆಂಟಿಮನಿ, ನೂರಕ್ಕ ಹದಿನೈದು."

"ಹಳೀ ಬ್ಯಾಟರಿ ಸೀಸ ಇರಬೇಕ್ರಿ."

"ಬ್ಯಾಟರ್‍ಯಾಗ ಇಷ್ಟು ಆಂಟಿಮನಿ ಇರಾಂಗಿಲ್ಲ. ಅದಿರ್ಲಿ ಸಾಹೇಬ್ರ, ಆತ ಇದನ್ನ ಎಷ್ಟು ಮನಿ ಪಾತ್ರಿಗೆ ಹಚ್ಯಾನ? ನಿನ್ನೆ ಕೇಳಿದ್ರೇನು?"

ಕೇಳಿರಲಿಲ್ಲ. ಒಂದು ದಿನ ಪೂರ್ತಿ ಆ ಮನುಷ್ಯನನ್ನು ಕೂಡಿಹಾಕಿ, ಪಾಷಾಣ ಎಲ್ಲಿ ತಂದೆ ಎಂಬ ಒಂದೇ ಪ್ರಶ್ನೆ ಕೇಳಿದ್ದೆ. ಅಷ್ಟು ಹೊತ್ತೂ ಬೇರೆ ಮನೆಗಳ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಠಾಣೆಗೆ ಓಡಿದೆ. ರಹಮಾನಸಾಬರು ಗೋಡೆಗೆ ಒರಗಿ ಕೂತಿದ್ದರು. ಕಲಾಯಿಯಲ್ಲಿ ಸೀಸ ಸೇರಿದೆ ಎಂದೆ. ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ಆಮೇಲೆ ಒಂದೇ ಉಸಿರಿಗೆ ಹೇಳತೊಡಗಿದರು.

"ಲಕ್ಕುಂಡ್ಯಾಗ ಎರಡು ಮನಿ, ಒಂದು ತಪೇಲಿ, ಎರಡು ಹಂಡೆ. ಡಂಬಳದಾಗ ಕೆರಿ ಬಾಜೂ ಒಂದು ಮನಿ. ಅಡರಕಟ್ಟ್ಯಾಗ ಮದವಿ ಮನೀದು ನಾಕು ದೊಡ್ಡ ಪಾತೇಲಿ. ನಾಳೆ ಮದವಿ ಐತ್ರಿ, ಜಲ್ದಿ ಫೋನ್ ಹಚ್ಚರಿ. ಬೆಟಗೇರ್‍ಯಾಗ ಆರು ಮನಿ..."

ಹನ್ನೊಂದು ಕಡೆ, ಇಪ್ಪತ್ಮೂರು ಪಾತ್ರೆ. ಒಂದೂ ಬಿಡಲಿಲ್ಲ. ಸುಭಾಸ ಬರೆದುಕೊಂಡು ಓಡಿದ. ಡಂಬಳದ ಮನೆಯಲ್ಲಿ ಒಂದು ಸಣ್ಣ ಹುಡುಗಿ ನಾಲ್ಕು ದಿನದಿಂದ ವಾಂತಿ ಮಾಡುತ್ತಿದ್ದಳು. ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಅಡರಕಟ್ಟಿಯ ಮದುವೆ ಅಡಿಗೆಗೆ ಇನ್ನೂ ಬೆಂಕಿ ಹಚ್ಚಿರಲಿಲ್ಲ.

"ಕಾಕಾ," ಎಂದೆ. ಬಾಯಿ ತಾನಾಗಿ ಅಂದಿತು. "ಈ ತವರ ನಿಮಗ ಯಾರು ಕೊಟ್ರು?"

ಅವರು ನನ್ನ ಕಡೆಗೆ ಮುಖ ತಿರುಗಿಸಿದರು.

"ನೆನಪಿಲ್ರಿ ಸಾಹೇಬ್ರ."

ಇಪ್ಪತ್ಮೂರು ಪಾತ್ರೆಗಳ ನೆನಪಿದ್ದ ಮನುಷ್ಯನಿಗೆ ತವರ ಕೊಟ್ಟವರ ನೆನಪಿಲ್ಲ. ಪೊಲೀಸನಾಗಿ ನನಗೆ ಅಲ್ಲೇ ತಿಳಿಯಿತು. ಇವರು ಯಾರನ್ನೋ ಕಾಪಾಡುತ್ತಿದ್ದಾರೆ.

*

ಚೀಲವನ್ನು ಮೇಜಿನ ಮೇಲೆ ಸುರಿದುಕೊಂಡೆ. ಈ ಸಲ ಕಣ್ಣಿಟ್ಟು ನೋಡಿದೆ.

ಸೀಸ, ಆಂಟಿಮನಿ, ತುಸು ತವರ. ಅಪ್ಪನ ಮಾತು ಕಿವಿಯಲ್ಲಿ ಬಂತು. 'ಸೀಸ ಮೆತ್ತಗ. ಆಂಟಿಮನಿ ಗಟ್ಟಿ. ತವರ ಹರದಾಡಾಕ. ಮೂರು ಕೂಡಿದ್ರ ಅಕ್ಷರ.' ಇದು ಅಚ್ಚಿನ ಮೊಳೆಯ ಲೋಹ. ಆದರೆ ಗದಗಿನಲ್ಲಿ ಹಳೆಯ ಪ್ರೆಸ್ಸುಗಳು ಒಂದೇ ಎರಡೇ?

ಗುಂಡುಗಳನ್ನು ಒಂದೊಂದಾಗಿ ಬೋರಲು ಹಾಕಿದೆ. ಎಲ್ಲ ಒಂದೇ ಅಳತೆ. ಅಡಿ ದುಂಡಗೆ, ಮೇಲೆ ಚಪ್ಪಟೆ. ಪಡ್ಡಿನ ಹಾಗೆ. ಆರನೆಯದರ ಬೆನ್ನ ಮೇಲೆ ಉದ್ದಕ್ಕೂ ಒಂದು ಉಬ್ಬುಗೆರೆ ಇತ್ತು.

ನಮ್ಮ ಮನೆಯ ಪಡ್ಡಿನ ಹಂಚಿನಲ್ಲಿ ಏಳು ಕುಳಿ. ಒಂದು ಕುಳಿಯಲ್ಲಿ ಸೀಳು. ಆ ಕುಳಿಯ ಪಡ್ಡಿಗೆ ಬೆನ್ನ ಮೇಲೆ ಗೆರೆ ಬೀಳುತ್ತಿತ್ತು. ಗೆರೆ ಪಡ್ಡು ತಿಂದವನು ಪರೀಕ್ಷೆಯಲ್ಲಿ ಪಾಸು ಎಂದು ಅವ್ವ ಹೇಳುತ್ತಿದ್ದಳು. ಅದಕ್ಕಾಗಿ ನಾನೂ ಅಣ್ಣನೂ ದಿನಾ ಬಡಿದಾಡುತ್ತಿದ್ದೆವು. ಕೊನೆಗೆ ಅಣ್ಣನೇ ಬಿಟ್ಟುಕೊಡುತ್ತಿದ್ದ.

ಆ ಗುಂಡನ್ನು ಬೇರೆಯಾಗಿ ಕಾಗದದಲ್ಲಿ ಕಟ್ಟಿದೆ.

*

ಮೊದಲು ಪಿಎಸ್‌ಐ ಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದೆ. ರಹಮಾನಸಾಬರನ್ನು ಬಿಡಿಸುವ ಕಾಗದಕ್ಕೆ ಒಪ್ಪಿಗೆ ಪಡೆದೆ. ಕೇಸು ಇನ್ನು ನನ್ನ ಕೈಯಲ್ಲಿರಬಾರದು ಎಂದೆ. ಆಮೇಲೆ ಸುಭಾಸನನ್ನು ಕರೆದುಕೊಂಡು ಮನೆಗೆ ಹೋದೆ.

ಅಣ್ಣ ಕಟ್ಟೆಯ ಮೇಲೆಯೇ ಇದ್ದ. ಗುಂಡನ್ನು ಅವನ ಪೇಪರಿನ ಮೇಲೆ ಇಟ್ಟೆ.

"ಗೆರೆ ಪಡ್ಡು," ಎಂದೆ. "ಈ ಸಲಾನೂ ನನಗ ಬಿಟ್ಟುಕೊಟ್ಟೀಯಲ್ಲ."

ಅವನು ಪೇಪರು ಮಡಚಿದ. "ಅಂವ ಹೇಳಿದನು?"

"ಇಲ್ಲ. ಅದ ನೋಡು. ಅಂವ ಹೇಳಲಿಲ್ಲ."

"ಅಪ್ಪನ ಅಕ್ಷರಲೇ ಅವು! ಖಂಡೇನವಮಿಗೆ ಪೂಜಿ ಮಾಡಿದ ಅಕ್ಷರ. ಗುಜರಿ ತಕ್ಕಡ್ಯಾಗ ಹೆಂಗ ಸುರವಲಿ? ಅದಕ್ಕ ಗುರುತು ಸಿಗದಂಗ ಕರಗಿಸಿದೆ. ತವರ ಅಂತ ಅಂವಗ ಕೊಟ್ಟೆ. ಮನೀ ಮರ್ಯಾದಿ ಉಳೀತು ಅಂದ್ಕೊಂಡೆ. ಅದು ವಿಷ ಅಂತ ನನಗೇನು ಗೊತ್ತು?"

"ಗೊತ್ತಿತ್ತು."

"ಹೆಂಗಂತಿ?"

ಸುಭಾಸನಿಗೆ ಸನ್ನೆ ಮಾಡಿದೆ. ಪಕ್ಕದ ಮನೆಯಿಂದ ಪಾತಾಳಗರಡಿ ತಂದಿದ್ದ. ಮನೆಯಲ್ಲಿ ಬೇಡದ್ದೆಲ್ಲ ಹೋಗಿ ಬೀಳುವ ಹಿತ್ತಲಿನ ಹಾಳುಬಾವಿಗೆ ಇಳಿಬಿಟ್ಟ. ನಾಲ್ಕನೆಯ ಸಲಕ್ಕೆ ಕೊಕ್ಕೆಗೆ ಏನೋ ಸಿಕ್ಕಿತು. ಏಳು ಕುಳಿಯ ಹಂಚು, ಕೆಸರು ಸುರಿಸುತ್ತ ಮೇಲೆ ಬಂತು. ವೈನಿ ಬಾಗಿಲಲ್ಲಿ ನಿಂತು ನೋಡಿದರು.

"ಮೊಳಿ ಮುಟ್ಟಿದ ಕೈಲೆ ಅನ್ನ ಮುಟ್ಟಬ್ಯಾಡ್ರಿ ಅಂತ ಅಪ್ಪ ನಮ್ಮಿಬ್ಬರ ಕೈ ತಿಕ್ಕಿ ತಿಕ್ಕಿ ತೊಳೀತಿದ್ದ," ಎಂದೆ. "ನಿನಗ ನೆನಪಿತ್ತು. ಅದಕ್ಕ ಈ ಹಂಚಿನಾಗ ನಿನ್ನ ಮಕ್ಕಳು ಪಡ್ಡು ತಿನ್ನಬಾರದು ಅಂತ ಬಾವಿಗೆ ಒಗದಿ. ನಿನ್ನ ಮನೀಗೆ ಒಂದು ಹಂಚು ಬ್ಯಾಡಾತು. ಮಂದಿ ಮನೀಗೆ ಇಪ್ಪತ್ಮೂರು ಪಾತ್ರಿ ನಡೀತು. ಹನಮಂತ ಸತ್ತ ಖಬರ ಬಂದ ಮ್ಯಾಗರೆ ಬಾಯಿ ಬಿಡಬಾರದಿತ್ತನು?"

ಅಣ್ಣ ಹಂಚನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ.

"ಅಂವ ಸತ್ತ ಮ್ಯಾಗ ನಾಲಿಗಿ ಹೊರಳಲಿಲ್ಲ. ತಪ್ಪು ನಂದ. ಆದ್ರ ಒಂದು ಮಾತು ಕೇಳ್ತೇನಿ ಮುತ್ತಣ್ಣ. ನಿನ್ನ ಕಾರು ನಿಲ್ಲಿಸಾಕ ಪ್ರೆಸ್ಸಿನ ಕೋಣಿ ಖಾಲಿ ಮಾಡು ಅಂದಾಂವ ಯಾರು? ನಾ ಗುಜರಿಯವನ್ನ ಕರೀತೇನಿ ಅಂದಾಗ ನೀ ಏನಂದಿ?"

ನಾನು ಅಂದದ್ದು ನನಗೆ ಅಕ್ಷರಶಃ ನೆನಪಿತ್ತು. 'ಪೊಲೀಸನ ಮನಿ ಮುಂದ ಗುಜರಿ ಗಾಡಿ ನಿಲ್ಲಬಾರದು. ಯಾರಿಗೂ ಗೊತ್ತಾಗದಂಗ ಏನರೆ ಮಾಡು.' ಅಣ್ಣ ಮಾಡಿದ್ದ. ಇದನ್ನೂ ನನ್ನ ಹೇಳಿಕೆಯಲ್ಲಿ ಬರೆದುಕೊಟ್ಟಿದ್ದೇನೆ.

"ಆಟೋ ಕರೀಲೇನ್ರಿ?" ಎಂದು ಸುಭಾಸ ಮೆಲ್ಲಗೆ ಕೇಳಿದ.

"ಬ್ಯಾಡ. ನಡಕೊಂತ ಹೋಗೂಣು."

ಪೇಟೆಯ ಮಧ್ಯೆಯೇ ಹೋದೆವು. ಇಂದೂ ಫೋನುಗಳು ಮೇಲೆದ್ದವು. ಅಣ್ಣನ ಕಾಲಲ್ಲಿ ಚಪ್ಪಲಿ ಇತ್ತು. ಅದನ್ನು ಗಮನಿಸಿ ನನಗೆ ಇನ್ನಷ್ಟು ನಾಚಿಕೆಯಾಯಿತು.

*

ಸಂಜೆ ನಾಲ್ಕಕ್ಕೆ ರಹಮಾನಸಾಬರನ್ನು ಮನೆಗೆ ಕರೆದುಕೊಂಡು ಹೊರಟೆ. ಯಾಸ್ಮೀನ ತಂದಿಟ್ಟಿದ್ದ ಚಪ್ಪಲಿ ಠಾಣೆಯ ಬಾಗಿಲಲ್ಲೇ ಇತ್ತು. ಬಗ್ಗಿ ಅವರ ಕಾಲ ಮುಂದೆ ಇಟ್ಟೆ. ಅದೇ ಪೇಟೆ, ಅದೇ ಅಂಗಡಿಗಳು. ಯೂನಿಫಾರ್ಮಿನಲ್ಲಿ ಅವರ ಪಕ್ಕದಲ್ಲಿ ನಡೆದೆ. ಈಗ ಯಾರೂ ಫೋನು ಎತ್ತಲಿಲ್ಲ. ಅವರನ್ನು ಬಿಟ್ಟದ್ದು ಯಾರಿಗೂ ಸುದ್ದಿಯಲ್ಲ.

"ಯಾಕ ಹೇಳಲಿಲ್ಲ ಕಾಕಾ?"

"ಮಾಸ್ತರ ಮನೀ ಅನ್ನ ಉಂಡೇನಿ. ಆ ಮನೀ ಹೆಸರು ಠಾಣೇದಾಗ ನಾ ಹ್ಯಾಂಗ ಹೇಳಲಿ? ಅದೂ ನಿಮ್ಮ ಮುಂದ. ನಿಮ್ಮ ಮಂದಿ ಮುಂದ ನಿಮ್ಮ ತಲಿ ತಗ್ಗತಿತ್ತು."

ನನ್ನ ತಲೆ ತಗ್ಗಬಾರದೆಂದು ಅವರು ಜೈಲಿಗೆ ಹೋಗಲು ತಯಾರಿದ್ದರು. ಅವರ ತಲೆಯನ್ನು ನಾನು ಊರ ಮಧ್ಯೆ ತಗ್ಗಿಸಿದ್ದೆ. ತಪ್ಪಾಯಿತು ಎಂದೆ. ಬಜಾರದಲ್ಲಿಯೇ, ಎಲ್ಲರಿಗೂ ಕೇಳುವ ಹಾಗೆ. ಅವರು ನಡೆಯುತ್ತಲೇ ಇದ್ದರು.

ಮನೆ ಮುಟ್ಟಿದಾಗ ಯಾಸ್ಮೀನ ಅಪ್ಪನನ್ನು ಒಳಗೆ ಕೂರಿಸಿದಳು. ನನ್ನನ್ನು ಕೂರಿ ಎನ್ನಲಿಲ್ಲ. ನಾನು ಹೊಸ್ತಿಲ ಹೊರಗೆ ನಿಂತು, ಪೇಟೆಯಿಂದ ಕೊಂಡು ತಂದಿದ್ದ ತವರದ ಪಟ್ಟಿಯನ್ನು ಮುಂದೆ ಚಾಚಿದೆ. ಇಪ್ಪತ್ಮೂರು ಪಾತ್ರೆಗಳನ್ನೂ ಕೆರೆದು ತಾವೇ ಮತ್ತೆ ಕಲಾಯಿ ಹಾಕುವುದಾಗಿ ದಾರಿಯಲ್ಲಿ ಅವರು ಹೇಳಿದ್ದರು.

"ಖರೆ ತವರ ಬಗ್ಗಿಸಿದ್ರ ಅಳತೈತಿ," ಎಂದರು ಅವರು. "ಕಣ್ಣು ಹ್ವಾದ ಮ್ಯಾಗ ನಾ ಕಿವಿಲೇನ ನೋಡತೇನಿ. ಆವತ್ತು ಬಗ್ಗಿಸಿ ನೋಡಲಿಲ್ಲ. ತಿಕ್ಕೂ ಮುಂದ ಅರಿವಿ ಕರ್ರಗಾತು. ಆದ್ರೂ ಮಾಸ್ತರ ಮನೀದು ಖೋಟಾ ಇರಾಂಗಿಲ್ಲ ಅಂದ್ಕೊಂಡೆ. ಹನಮಂತನ ಲೆಕ್ಕದಾಗ ನಂದೂ ಪಾಲೈತಿ."

ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ನನ್ನೆದುರಿಗೇ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಕಿರ್ರ್ ಎಂದು ಸಣ್ಣಗೆ ಸದ್ದಾಯಿತು. ಸಾಲದು ಎನ್ನುವಂತೆ ತಿರುಗಿಸಿ ಇನ್ನೊಂದು ತುದಿಯನ್ನೂ ಬಗ್ಗಿಸಿದರು.

"ಇದು ತವರ," ಎಂದು ಬದಿಗಿಟ್ಟರು.

ನಾನು ಹೊಸ್ತಿಲ ಹೊರಗೇ ನಿಂತಿದ್ದೆ. ನಲವತ್ತು ವರ್ಷ ನಮ್ಮ ಮನೆಯಿಂದ ಬಂದದ್ದನ್ನು ಅವರು ಒಮ್ಮೆಯೂ ಬಗ್ಗಿಸಿ ನೋಡಿರಲಿಲ್ಲ. ಇನ್ನು ಮುಂದೆ ಪ್ರತಿ ಸಲವೂ ನೋಡುತ್ತಾರೆ.